ಶರಾವತಿ ಹಿನ್ನೀರಿಗೆ ಟ್ರಿಪ್ ಹೋಗುವ ಮೊದಲು: ಲಾಂಚ್, ಸೇತುವೆ, ಬೋಟಿಂಗ್ ಬಗ್ಗೆ ಗೊತ್ತಿರಬೇಕಾದ ಸಂಗತಿಗಳು

ಪೆರ್ನಾಳ್ ಕಳೆದ ಮಾರನೇ ದಿನವೋ, ಮಕ್ಕಳ ಪರೀಕ್ಷೆ ಮುಗಿದ ವಾರವೋ ನಮ್ಮ ಕರಾವಳಿಯ ಮನೆಗಳಲ್ಲಿ ಟ್ರಿಪ್‌ನ ಮಾತು ಶುರುವಾಗುತ್ತದೆ. ಒಂದು ಟೆಂಪೊ ಟ್ರಾವೆಲರ್, ಹದಿನೈದಿಪ್ಪತ್ತು ಜನ, ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ಪಾತ್ರೆ ಬಿರಿಯಾನಿ. ಹೋಗುವ ಜಾಗಗಳ ಪಟ್ಟಿಯಲ್ಲಿ ಜೋಗ ಜಲಪಾತ ಮೊದಲಿನಿಂದಲೂ ಉಂಟು. ಈಗ ಅದರ ಜೊತೆಗೆ ಶರಾವತಿ ಹಿನ್ನೀರು ಕೂಡ ಸೇರಿಕೊಂಡಿದೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆದ ಮೇಲಂತೂ ಅಲ್ಲಿ ನಿಂತು ತೆಗೆದ ಸೆಲ್ಫಿ ಇಲ್ಲದ ಸ್ಟೇಟಸ್ ಸಿಗುವುದೇ ಕಷ್ಟ.

ಹೊಳೆ ದಾಟುವುದು ನಮಗೇನೂ ಹೊಸತಲ್ಲ. ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ ಇವತ್ತಿಗೂ ಜನ ಫೆರಿಯಲ್ಲೇ ಹೋಗಿ ಬರುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ಹೊಳೆ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ ಅದು. ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು, ತಣ್ಣೀರುಬಾವಿ ಅಂತ ಸುತ್ತಿ ಬರಬೇಕು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ಬೋಟಿನಲ್ಲಿ ಬೀಚಿಗೆ ಹೋಗದ ಮಂಗಳೂರಿನ ಹುಡುಗ ಇರಲಿಕ್ಕಿಲ್ಲ. ಆದರೆ ಹೊಳೆಯ ನೀರು ಬೇರೆ, ಅಣೆಕಟ್ಟಿನ ಹಿನ್ನೀರು ಬೇರೆ. ಹಾಗೆಯೇ ಊರವರು ದಿನಾ ದಾಟುವ ಲಾಂಚ್ ಬೇರೆ, ನಾವು ರಜೆಯಲ್ಲಿ ಹತ್ತುವ ಬೋಟ್ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ನೀರಿಗೆ ಇಳಿದ ಕುಟುಂಬಗಳ ಸುದ್ದಿಯನ್ನು ನಾವು ಆಗಾಗ ಓದುತ್ತಲೇ ಇದ್ದೇವೆ.

ಆ ನೀರು ಎಲ್ಲಿಂದ ಬಂತು

ಮೊದಲು ಒಂದು ವಿಷಯ. ಸಿಗಂದೂರಿನ ಹತ್ತಿರ ಕಾಣುವ ಅಷ್ಟು ದೊಡ್ಡ ಕೆರೆ ದೇವರು ಕೊಟ್ಟ ಕೆರೆ ಅಲ್ಲ, ಮನುಷ್ಯ ಕಟ್ಟಿ ನಿಲ್ಲಿಸಿದ ನೀರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಜೋಗಕ್ಕೆ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದಿತು. ಸಮುದ್ರ ಮಟ್ಟದಿಂದ 1819 ಅಡಿ ಅದರ ಪೂರ್ಣ ಮಟ್ಟ, ಸಾಮರ್ಥ್ಯ 151 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ತುಂಬಿದಾಗ ನೀರು ಹರಡುವ ಜಾಗ ಸುಮಾರು 300 ಚದರ ಕಿ.ಮೀ. ಇಲ್ಲಿಂದ ತಳಕಳಲೆಗೆ ಹೋಗುವ ನೀರು ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳನ್ನು ತಿರುಗಿಸುತ್ತದೆ, 1035 ಮೆಗಾವ್ಯಾಟ್. ಮಂಗಳೂರಿನ ಮನೆಯಲ್ಲಿ ಫ್ಯಾನ್ ಹಾಕಿ ಕೂತವನಿಗೂ ಈ ನೀರಿಗೂ ಸಂಬಂಧ ಉಂಟು ಅಂತಾಯಿತು.

ಅದಕ್ಕೂ ಮೊದಲು ಅಲ್ಲೇ ಇನ್ನೊಂದು ಡ್ಯಾಂ ಇತ್ತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1940ರ ದಶಕದಲ್ಲಿ ಕಟ್ಟಿದ್ದು. ಲಿಂಗನಮಕ್ಕಿ ತುಂಬಿದಾಗ ಆ ಡ್ಯಾಮೇ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಅದು ಮತ್ತೆ ಮೇಲೆ ಕಾಣುತ್ತದೆ, ಕಲ್ಲಿನ ಗೋಡೆ, ನೀರು ಹೋಗುವ ಸೈಫನ್‌ಗಳು ಎಲ್ಲ ಹಾಗೇ ನಿಂತಿವೆ. ನೋಡಲಿಕ್ಕೆ ಜನ ಸಾಲುಗಟ್ಟುತ್ತಾರೆ.

ಡ್ಯಾಮಿನ ಜೊತೆಗೆ ಊರುಗಳೂ ಮುಳುಗಿದವು. ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ ಬಿಟ್ಟು ಸಾವಿರಾರು ಕುಟುಂಬಗಳು ಎದ್ದು ಹೋದವು. ಅವರಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ಸಾಗರದ ಸಾಹಿತಿ ನಾ. ಡಿಸೋಜ ಈ ಮುಳುಗಡೆಯ ಬದುಕನ್ನೇ ಜೀವಮಾನವಿಡೀ ಬರೆದರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಸೌಂದರ್ಯ ನಟಿಸಿದ ಆ ಚಿತ್ರ ನಮ್ಮ ಯುವಕರು ಟ್ರಿಪ್‌ಗೆ ಹೊರಡುವ ಮೊದಲು ಒಮ್ಮೆ ನೋಡಿದರೆ ಒಳ್ಳೆಯದು. ಆಮೇಲೆ ಅಲ್ಲಿಯ ನೀರು ಬೇರೆಯೇ ಕಾಣುತ್ತದೆ.

ಲಾಂಚ್ ಅಂದರೆ ಬದುಕು

ಎದ್ದು ಹೋದವರ ಕತೆ ಹಾಗಾದರೆ, ಉಳಿದವರದ್ದು ಇನ್ನೊಂದು. ತುಮರಿ, ಬ್ಯಾಕೋಡು ಸುತ್ತಿನ ಕರೂರು ಮತ್ತು ಬಾರಂಗಿ ಹೋಬಳಿಗಳ ಜನರಿಗೆ ತಾಲೂಕು ಕೇಂದ್ರ ಸಾಗರ. ನಡುವೆ ಹಿನ್ನೀರು ಬಂದು ನಿಂತಿತು. ನೆಲದ ಮೇಲೆಯೇ ಹೋಗುತ್ತೇನೆ ಅಂದರೆ ಕಾರ್ಗಲ್ ಕಡೆಯಿಂದ ಕಾಡು ಸುತ್ತಿ ಹೋಗಬೇಕು. ಹಾಗಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಹೊಳೆಬಾಗಿಲಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರದ ಲಾಂಚ್ ಓಡಿತು.

ಲಾಂಚ್ ನೋಡದವರಿಗೆ ಹೇಳುವುದಾದರೆ, ಅದು ನಮ್ಮ ಮೀನಿನ ದೋಣಿಯ ಹಾಗಲ್ಲ. ಅಗಲವಾದ ಚಪ್ಪಟೆ ಕಬ್ಬಿಣದ ಅಟ್ಟ. ದಡ ಮುಟ್ಟಿದಾಗ ತುದಿಯ ಹಲಗೆ ಕೆಳಗೆ ಇಳಿಯುತ್ತದೆ, ವಾಹನಗಳು ಅದರ ಮೇಲೆ ಹತ್ತಿ ಬರುತ್ತವೆ. ಬಸ್ಸು, ಜೀಪು, ಕಾರು, ಬೈಕು, ಅಡಿಕೆ ಮೂಟೆ, ಶಾಲೆಗೆ ಹೋಗುವ ಮಕ್ಕಳು, ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವ ಭಕ್ತರು ಎಲ್ಲ ಒಂದೇ ಅಟ್ಟದಲ್ಲಿ. ಹದಿನೈದು ಇಪ್ಪತ್ತು ನಿಮಿಷದ ಪ್ರಯಾಣ. ರಜೆಯ ದಿನ ಮಾತ್ರ ಆ ಇಪ್ಪತ್ತು ನಿಮಿಷಕ್ಕಾಗಿ ಗಂಟೆಗಟ್ಟಲೆ ಕ್ಯೂ. ಪ್ರವಾಸಿಗೆ ಅದೊಂದು ಮಜಾ. ಸಾಗರದ ಆಸ್ಪತ್ರೆಗೆ ಹೋಗಬೇಕಾದ ಊರವನಿಗೆ?

ಕತ್ತಲಾಗುವ ಹೊತ್ತಿಗೆ ಲಾಂಚ್ ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಈಚೆ ದಡದಲ್ಲಿ ಸಾಗರದ ದಾರಿ ಕಾಣುತ್ತಾ ಇರುತ್ತದೆ, ದಾಟುವುದು ಹೇಗೆ ಅನ್ನುವುದು ಪ್ರಶ್ನೆ. ಕಡಲಿನಾಚೆ ದುಡಿಯುವ ಮಕ್ಕಳನ್ನು ಕಾಯುವ ನಮ್ಮ ಉಮ್ಮಂದಿರಿಗೆ ನೀರಿನಾಚೆ ಇರುವುದು ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಮಳೆ ಕೈಕೊಟ್ಟರೆ ಇನ್ನೊಂದು ಕಷ್ಟ. ಲಾಂಚಿಗೆ ತೇಲಲು ಒಂದಷ್ಟು ಆಳ ಬೇಕು, ದಡದ ರ‍್ಯಾಂಪಿನವರೆಗೆ ನೀರು ಇರಬೇಕು. 2023ರ ಜೂನ್‌ನಲ್ಲಿ ಮುಂಗಾರು ತಡವಾಗಿ ಹಿನ್ನೀರು ತಳ ಕಂಡಾಗ ಇಲ್ಲಿ ವಾಹನ ಹಾಕುವುದನ್ನೇ ನಿಲ್ಲಿಸಬೇಕಾಯಿತು, ಜನರನ್ನು ಮಾತ್ರ ದಾಟಿಸಿದರು. ಕರೆಂಟಿಗಾಗಿ ನೀರು ಬಿಟ್ಟಷ್ಟೂ ಊರವರ ರಸ್ತೆ ಒಣಗುತ್ತದೆ ಎಂಬ ವಿಚಿತ್ರ ಪರಿಸ್ಥಿತಿ ಅದು.

ಸೇತುವೆಯ ಬೇಡಿಕೆ ಹಳೆಯದು. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು, ಏಳು ವರ್ಷದ ನಂತರ ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಉದ್ದ 2.44 ಕಿ.ಮೀ., ಖರ್ಚು ಸುಮಾರು 473 ಕೋಟಿ ರೂಪಾಯಿ. ನಡುವಿನ ಭಾಗವನ್ನು ಕೇಬಲ್‌ಗಳು ಎಳೆದು ಹಿಡಿದಿವೆ. ಉದ್ಘಾಟನೆಯ ದಿನದ ರಾಜಕೀಯ ಏನೇ ಇರಲಿ, ರಾತ್ರಿ ಹನ್ನೆರಡಕ್ಕೂ ಆ್ಯಂಬುಲೆನ್ಸ್ ದಾಟಬಹುದು ಅನ್ನುವುದಕ್ಕಿಂತ ದೊಡ್ಡ ವಿಷಯ ಅಲ್ಲಿಯವರಿಗೆ ಬೇರೆ ಇಲ್ಲ.

ಆದ್ದರಿಂದ ಒಂದು ಮನವಿ. ಸೇತುವೆಯ ಮೇಲೆ ಗಾಡಿ ಅಡ್ಡ ನಿಲ್ಲಿಸಿ ಫೋಟೊ ಸೆಷನ್ ಮಾಡಬೇಡಿ. ಅದು ವ್ಯೂ ಪಾಯಿಂಟ್ ಅಲ್ಲ, ಹೆದ್ದಾರಿ.

ಲಾಂಚ್ ಎಂಬುದು ಈ ಹಿನ್ನೀರಿನಲ್ಲಿ ಒಂದೇ ಕಡೆ ಇದ್ದದ್ದಲ್ಲ. ಹಸಿರುಮಕ್ಕಿ, ಹಲ್ಕೆ–ಮುಪ್ಪಾನೆ ಕಡವುಗಳೂ ಇವೆ. ಲಾಂಚ್ ಪ್ರಯಾಣದ ಅನುಭವ ಬೇಕು ಅನ್ನುವವರು ಅಲ್ಲಿ ವಿಚಾರಿಸಬಹುದು. ನೀರಿನ ಮಟ್ಟ ನೋಡಿ ಸೇವೆ ಬದಲಾಗುತ್ತದೆ, ಹಾಗಾಗಿ ಹೊರಡುವ ಮೊದಲು ಸಾಗರದಲ್ಲಿ ಕೇಳಿಕೊಂಡೇ ಹೋಗುವುದು ಜಾಣತನ. ವಾಹನದ ಲಾಂಚಿನಲ್ಲಿ ಹತ್ತಿದ ಮೇಲೆ ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಲ್ಲರೂ ಗಾಡಿಯಿಂದ ಕೆಳಗೆ ಇಳಿಯಬೇಕು. ಎಸಿ ಹಾಕಿಕೊಂಡು ಮಕ್ಕಳನ್ನು ಕಾರಿನೊಳಗೇ ಕೂರಿಸುವ ಅಭ್ಯಾಸ ಕೆಲವರಿಗೆ ಉಂಟು. ಕಾರು ಜಾರಿದರೆ ಬಾಗಿಲು ತೆರೆಯಲಿಕ್ಕೆ ನೀರು ಬಿಡುವುದಿಲ್ಲ ಮಾರಾಯ್ರೆ.

ಬೋಟ್ ಮಗುಚುವುದು ಯಾಕೆ

ಇನ್ನು ಮನರಂಜನೆಯ ಬೋಟಿಂಗ್‌ಗೆ ಬರೋಣ. ಹೊನ್ನೆಮರಡುವಿನಂಥ ಕಡೆ ಕಯಾಕ್, ತೆಪ್ಪ ಇತ್ಯಾದಿ ಕಲಿಸುವ ಸಾಹಸ ಕೇಂದ್ರ ಇದೆ. ಬೇರೆ ಡ್ಯಾಮುಗಳಲ್ಲಿ ಮೋಟಾರ್ ಬೋಟ್, ಕೇರಳದ ಕಡೆ ಹೋದರೆ ಹೌಸ್ ಬೋಟ್. ಯಾವುದೇ ಆಗಲಿ, ಕೆಲವು ಘಟನೆಗಳು ನಮ್ಮ ನೆನಪಿನಲ್ಲಿ ಇರಲೇಬೇಕು.

2009ರ ಸೆಪ್ಟೆಂಬರ್ 30, ತೇಕ್ಕಡಿ. ಅದೂ ಶರಾವತಿಯ ಹಾಗೆ ಡ್ಯಾಮಿನ ಹಿನ್ನೀರೇ, 1895ರ ಮುಲ್ಲಪೆರಿಯಾರ್ ಅಣೆಕಟ್ಟಿನದ್ದು. ಕೇರಳ ಪ್ರವಾಸೋದ್ಯಮ ನಿಗಮದ 'ಜಲಕನ್ಯಕ' ಎಂಬ ಎರಡಂತಸ್ತಿನ ಬೋಟ್ ಮಗುಚಿ 45 ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತು ಅಂತ ಜನ ಒಂದೇ ಬದಿಗೆ ನುಗ್ಗಿದ್ದು ಒಂದು ಕಾರಣ ಎಂದು ಆಗ ವರದಿಯಾಯಿತು. ಬೋಟ್ ಹಳೆಯದೇನಲ್ಲ, ನೀರಿಗೆ ಇಳಿದು ಹೆಚ್ಚು ತಿಂಗಳೇ ಆಗಿರಲಿಲ್ಲ.

2019ರ ಜನವರಿ 21, ನಮ್ಮದೇ ಕಾರವಾರ. ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಸೇರಿ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, 2 ಶಿಕ್ಷಕಿಯರು. ಅಲ್ಲಿ ಬೋಟಿನಲ್ಲಿದ್ದ ಬಹುತೇಕರಿಗೆ ಲೈಫ್ ಜಾಕೆಟ್ ಇರಲಿಲ್ಲ.

ಆದರೆ ನಮ್ಮ ಮನೆಗಳಿಗೆ ತೀರಾ ಹತ್ತಿರದ್ದು ತಾನೂರು. 2023ರ ಮೇ 7, ಭಾನುವಾರ ಸಂಜೆ, ಮಲಪ್ಪುರಂ ಜಿಲ್ಲೆಯ ತೂವಲ್ ತೀರ. ಪೆರ್ನಾಳ್ ಕಳೆದು ಎರಡು ವಾರ ಆಗಿತ್ತು, ಶಾಲೆಗೆ ಬೇಸಿಗೆ ರಜೆ. ಮೀನು ಹಿಡಿಯುವ ದೋಣಿಯನ್ನೇ ಮಾರ್ಪಡಿಸಿ ಎರಡಂತಸ್ತು ಮಾಡಿದ 'ಅಟ್ಲಾಂಟಿಕ್' ಎಂಬ ಬೋಟ್. ಹತ್ತಬೇಕಾದದ್ದಕ್ಕಿಂತ ತುಂಬಾ ಹೆಚ್ಚು ಜನ ಹತ್ತಿದ್ದರು, ಹೊತ್ತು ಮುಳುಗಿತ್ತು. 22 ಜನ ಸತ್ತರು, ಹೆಚ್ಚಿನವರು ಮಕ್ಕಳು. ಒಂದೇ ಮನೆತನದ 11 ಜನ. ಅವರು ಹೊರಟದ್ದು ಸಾಹಸಕ್ಕಲ್ಲ, ಮಕ್ಕಳ ರಜೆ ಅಂತ ಒಂದು ಸುತ್ತು ಹೋಗಿ ಬರಲಿಕ್ಕೆ. ನಾವು ಹೊರಡುವ ಹಾಗೆಯೇ.

ಈ ಘಟನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಭಾರ. ಅದರಲ್ಲೂ ಭಾರ ಎಷ್ಟು ಎಂಬುದಕ್ಕಿಂತ ಎಲ್ಲಿದೆ ಎಂಬುದು. ಬೋಟಿನ ಭಾರ ಕೆಳಗೆ, ನಡುವಿನಲ್ಲಿ ಇದ್ದರೆ ಅದು ಒಂದು ಕಡೆ ವಾಲಿದರೂ ನೀರು ಅದನ್ನು ತಿರುಗಿ ನೆಟ್ಟಗೆ ನಿಲ್ಲಿಸುತ್ತದೆ. ಜನ ಮೇಲಿನ ಅಂತಸ್ತಿಗೆ ಹತ್ತಿದಷ್ಟೂ, ಎದ್ದು ನಿಂತಷ್ಟೂ ಭಾರ ಮೇಲಕ್ಕೆ ಹೋಗುತ್ತದೆ, ಬೋಟಿಗೆ ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತದೆ. ಆಗ ಹತ್ತಿಪ್ಪತ್ತು ಜನ ಒಂದೇ ಬದಿಗೆ ಬಂದರೆ ಸಾಕು. ವಾಲಿದಾಗ ಉಳಿದವರೂ ಅದೇ ಕಡೆಗೆ ಜಾರುತ್ತಾರೆ, ಆಮೇಲೆ ಸೆಕೆಂಡುಗಳ ಕೆಲಸ. ಹಳೆಯ ಲಾಂಚ್ ಚಪ್ಪಟೆಯಾಗಿ ಅಗಲವಾಗಿ ಇದ್ದದ್ದು, ಬಸ್ಸನ್ನು ನಡುವಿಗೇ ನಿಲ್ಲಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಮೀನಿನ ದೋಣಿಯ ತಳ ಬೇರೆ ಲೆಕ್ಕದ್ದು. ಅದರ ಹೊಟ್ಟೆಯಲ್ಲಿ ಮೀನು, ಮಂಜುಗಡ್ಡೆ ತುಂಬಿದಾಗ ಭಾರ ಕೆಳಗಿರುತ್ತದೆ. ಅದರ ಮೇಲೆ ಮಹಡಿ ಕಟ್ಟಿ ಜನ ಕೂರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮಲ್ಪೆ, ಬಂದರು ಕಡೆಯ ಅನುಭವಿಗಳನ್ನು ಕೇಳಿ ನೋಡಿ, ಅವರು ಇದನ್ನು ಪುಸ್ತಕ ಓದದೆಯೇ ಹೇಳುತ್ತಾರೆ.

ಕಾನೂನು ಉಂಟು. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು. ಯಂತ್ರದ ಬೋಟಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ, ಜೀವರಕ್ಷಕ ಸಾಮಾನು ಎಲ್ಲ ಬೇಕು. ಜಾಗದಲ್ಲಿ ಇದನ್ನು ನೋಡುವವರು ಯಾರು ಅಂದರೆ, ಹೆಚ್ಚಿನ ಸಲ ಯಾರೂ ಇಲ್ಲ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ನಾವೇ ಕೇಳಬೇಕು: ಇದರಲ್ಲಿ ಎಷ್ಟು ಜನಕ್ಕೆ ಅನುಮತಿ? ಸಂಖ್ಯೆ ಬೋಟಿನ ಮೇಲೆ ಬರೆದಿದೆಯಾ? ಮಗುವಿಗೂ ಟಿಕೆಟ್ ಲೆಕ್ಕ ಹಿಡಿದಿದ್ದಾರಾ? 'ಮಕ್ಕಳು ಲೆಕ್ಕಕ್ಕಿಲ್ಲ, ಮಡಿಲಲ್ಲಿ ಕೂರಿಸಿ' ಅಂದರೆ ಇಳಿದು ಬನ್ನಿ. 'ಇಷ್ಟು ದೂರ ಬಂದು...' ಅಂತ ಮನೆಯವರು ಗೊಣಗುತ್ತಾರೆ, ಗೊಣಗಲಿ.

ಲೈಫ್ ಜಾಕೆಟ್ ವಿಷಯದಲ್ಲಿ ನಮ್ಮ ಹುಡುಗರದ್ದು ದೊಡ್ಡ ಅಸಡ್ಡೆ. ಈಜು ಬರುತ್ತದೆ, ಉಳ್ಳಾಲದ ಕಡಲಲ್ಲೇ ಈಜಿದವರು ನಾವು ಅನ್ನುತ್ತಾರೆ. ಕಡಲಿನ ಉಪ್ಪು ನೀರು ಸಿಹಿನೀರಿಗಿಂತ ಹೆಚ್ಚು ತೇಲಿಸುತ್ತದೆ. ಕಡಲಲ್ಲಿ ಆರಾಮವಾಗಿ ತೇಲುವವನಿಗೆ ಕೆರೆಯಲ್ಲಿ ಕೈಕಾಲು ಹೆಚ್ಚು ಆಡಿಸಬೇಕಾಗುತ್ತದೆ, ಬೇಗ ಸುಸ್ತಾಗುತ್ತದೆ. ಜಾಕೆಟ್ ಹಾಕಿದ ಮೇಲೆ ಎಲ್ಲ ಬಕಲ್ ಬಿಗಿಯಬೇಕು. ಸಡಿಲ ಇದ್ದರೆ ನೀರಿಗೆ ಬಿದ್ದ ಕೂಡಲೇ ಅದು ತಲೆಯ ಮೇಲಿಂದ ಕಳಚಿ ಹೋಗುತ್ತದೆ, ಮಕ್ಕಳಿಗಂತೂ ಖಂಡಿತ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಗಲ್ಲ ದಾಟಿ ಬಂದರೆ ಅಳತೆ ಸರಿ ಇಲ್ಲ. ಸೀರೆ, ಬುರ್ಖಾ, ಪಂಚೆ ಯಾವುದೇ ಇರಲಿ, ಜಾಕೆಟ್ ಎಲ್ಲದರ ಹೊರಗೆ. ಒದ್ದೆಯಾದ ಉದ್ದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಹೆಂಗಸರು ಮತ್ತು ಸಣ್ಣ ಮಕ್ಕಳು ಮುಚ್ಚಿದ ಕೆಳ ಅಂತಸ್ತಿನ ಒಳಮೂಲೆಯಲ್ಲಿ ಕೂರದೆ ಹೊರಗೆ ಬರಲು ದಾರಿ ಇರುವ ಕಡೆ ಕೂರುವುದು ಒಳ್ಳೆಯದು. ಗಾಳಿ ತುಂಬುವ ಆಟದ ಟ್ಯೂಬು ಜಾಕೆಟ್‌ಗೆ ಬದಲಿ ಅಲ್ಲ.

ದಡದಲ್ಲಿ ಇಳಿಯುವವರಿಗೆ

ಹಿನ್ನೀರಿನಲ್ಲಿ ಬೋಟಿಗಿಂತ ಹೆಚ್ಚು ಮೋಸ ಮಾಡುವುದು ದಡ. ನೋಡಲಿಕ್ಕೆ ಶಾಂತ, ಅಲೆ ಇಲ್ಲ. ಆದರೆ ಕೆಳಗೆ ಇರುವುದು ಒಂದು ಕಾಲದ ಗುಡ್ಡ, ಗದ್ದೆ, ತೋಡು, ಬಾವಿ. ಮೊಣಕಾಲು ನೀರಿನಿಂದ ಒಂದು ಹೆಜ್ಜೆ ಇಟ್ಟರೆ ಆಳಕ್ಕೆ ಹೋಗಬಹುದು. ಮುಳುಗಿದ ಮರದ ಬೊಡ್ಡೆಗಳು ಕೆಲವು ಮೇಲೆ ಕಾಣುತ್ತವೆ, ಕೆಲವು ಒಂದಡಿ ಕೆಳಗೆ ಇರುತ್ತವೆ. ನೀರು ಇಳಿದ ಕಾಲದಲ್ಲಿ ದಡದ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ. ಎತ್ತರದಿಂದ ಹಾರುವುದಂತೂ ಬೇಡವೇ ಬೇಡ. ಊರವರು ಇಳಿಯದ ಜಾಗದಲ್ಲಿ ನೀವೂ ಇಳಿಯಬೇಡಿ, ಅಷ್ಟೇ.

ಮುಳುಗುವವರು ಸಿನಿಮಾದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಉಸಿರು ಎಳೆಯುವುದೇ ಕಷ್ಟ, ಕೂಗಲು ಎಲ್ಲಿಂದ ಬರಬೇಕು? ಗುಂಪಿನಲ್ಲಿ ಗಲಾಟೆ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದರೆ ತಿರುಗಿ ನೋಡಿ. ಕಾಪಾಡಲು ಹಾರಿದವರೂ ಸೇರಿ ಇಬ್ಬರು ಮೂವರು ಹೋದ ಸುದ್ದಿ ಎಷ್ಟು ಓದಿಲ್ಲ ನಾವು! ಮುಳುಗುವವನು ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾನೆ. ಹಗ್ಗ, ಕೊಂಬೆ, ಖಾಲಿ ಕ್ಯಾನು, ಕಟ್ಟಿದ ಲುಂಗಿ ಯಾವುದನ್ನಾದರೂ ದಡದಿಂದ ಎಸೆಯಿರಿ. ಬಿರಿಯಾನಿಯ ಜೊತೆ ಎರಡು ಖಾಲಿ ಇಪ್ಪತ್ತು ಲೀಟರ್ ಕ್ಯಾನು, ಒಂದು ಉದ್ದ ಹಗ್ಗ ಗಾಡಿಯಲ್ಲಿ ಇಟ್ಟರೆ ಏನೂ ಭಾರ ಆಗುವುದಿಲ್ಲ.

ಮೇಲೆ ತಂದವರ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ತಪ್ಪು. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ, ಸಮಯವೂ ಹಾಳು. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಂದ ಉಸಿರು ಊದಿ, ಎದೆಯ ನಡುವೆ ಜೋರಾಗಿ, ವೇಗವಾಗಿ ಒತ್ತುತ್ತಾ ಇರಬೇಕು. ಆಗಲೇ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ನಮ್ಮ ಜಮಾಅತ್‌ಗಳಲ್ಲಿ, ಯುವಕರ ಸಂಘಗಳಲ್ಲಿ ರಕ್ತದಾನ ಶಿಬಿರ ಎಷ್ಟೊಂದು ನಡೆಯುತ್ತದೆ. ಅದೇ ವೇದಿಕೆಯಲ್ಲಿ ಅರ್ಧ ದಿನ ಇದನ್ನೂ ಕಲಿಸಬಹುದು, ಹೆಂಗಸರಿಗೂ. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರವೂ ಕಾಣಿಸಬಹುದು.

ದಾರಿ ಮತ್ತು ಕಾಲ

ಕರಾವಳಿಯಿಂದ ಹೋಗುವವರಲ್ಲಿ ಒಂದು ಗೊಂದಲ ಉಂಟು. ಉಡುಪಿ, ಕುಂದಾಪುರ, ಕೊಲ್ಲೂರು, ನಾಗೋಡಿ ದಾರಿಯಾಗಿ ಮರಕುಟಕ, ಬ್ಯಾಕೋಡು, ತುಮರಿ ಕಡೆಯಿಂದ ಬಂದರೆ ನೀವು ತಲುಪುವುದು ಕಳಸವಳ್ಳಿ ದಡಕ್ಕೆ, ಅಂದರೆ ಸಿಗಂದೂರು ಇರುವ ಬದಿಗೇ. ಅಲ್ಲಿಂದ ಸೇತುವೆ ದಾಟಿದರೆ ಅಂಬಾರಗೋಡ್ಲು, ಆವಿನಹಳ್ಳಿ, ಸಾಗರ, ಆಮೇಲೆ ಜೋಗ. ಹಿಂದೆ ಲಾಂಚಿನ ಕ್ಯೂಗೆ ಹೆದರಿ ಜೋಗ ಮತ್ತು ಸಿಗಂದೂರನ್ನು ಒಂದೇ ದಿನದಲ್ಲಿ ಸೇರಿಸುತ್ತಿರಲಿಲ್ಲ, ಈಗ ಆಗುತ್ತದೆ. ಘಾಟಿಯ ರಸ್ತೆ ಕಿರಿದು, ಮಳೆಗಾಲದಲ್ಲಿ ಮಂಜು. ಕತ್ತಲಾಗುವ ಮೊದಲು ಇಳಿದುಬಿಡುವ ಹಾಗೆ ಹೊರಡಿ.

ಜೋಗದ ಅಬ್ಬರ ಬೇಕಾದರೆ ಜುಲೈಯಿಂದ ಸೆಪ್ಟೆಂಬರ್. ಹಿನ್ನೀರು ತುಂಬಿ ನಿಂತದ್ದು ಕಾಣಬೇಕಾದರೆ ಮಳೆ ಚೆನ್ನಾಗಿ ಬಿದ್ದ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್. ಮಳೆಗಾಲದ ಗಾಳಿಯಲ್ಲಿ ಬೋಟಿಂಗ್ ಬೇಡ, ಅಗಲವಾದ ಹಿನ್ನೀರಿನಲ್ಲಿ ಹತ್ತೇ ನಿಮಿಷದಲ್ಲಿ ಅಲೆ ಏಳುತ್ತದೆ. ಮಡೆನೂರು ಡ್ಯಾಂ ನೋಡುವ ಆಸೆ ಇದ್ದರೆ ಏಪ್ರಿಲ್, ಮೇ, ಅದೂ ನೀರು ಇಳಿದಿದ್ದರೆ ಮಾತ್ರ. ಸಿಗಂದೂರು ಭಕ್ತರ ಕ್ಷೇತ್ರ, ಹಬ್ಬದ ದಿನ ಭಾರೀ ಜನಸಂದಣಿ ಇರುತ್ತದೆ. ಸುಮ್ಮನೆ ನೀರು ನೋಡಲಿಕ್ಕೆ ಹೋಗುವವರು ಆ ದಿನಗಳನ್ನು ಬಿಟ್ಟರೆ ಅವರಿಗೂ ಅನುಕೂಲ, ನಮಗೂ ಅನುಕೂಲ. ಊಟದ ತಟ್ಟೆ, ಬಾಟಲಿ, ಮೂಳೆ ಎಲ್ಲ ಒಂದು ಚೀಲಕ್ಕೆ ಹಾಕಿ ವಾಪಸ್ ತನ್ನಿ. ಸುತ್ತಲಿನ ಕಾಡಿನ ಬಹುಭಾಗ ಶರಾವತಿ ಕಣಿವೆಯ ವನ್ಯಧಾಮ.